ಚಹಾ ಕುಡಿದು ಹೋದ ಅನ್ಯಗ್ರಹದವನು

ಆ ದಿನ ಬೆಳಿಗ್ಗೆ ನಳದ ನೀರು ತುಂಬಿದೆ, ರೊಟ್ಟಿ ಬಡಿದೆ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ, ಅಕ್ಕಿ ಆರಿಸಿದೆ, ಅನ್ಯಗ್ರಹದವನ ಪ್ಯಾಂಟಿಗೆ ಹೊಲಿಗೆ ಹಾಕಿದೆ. ಅನ್ಯಗ್ರಹದವನೆಂದರೆ ನನ್ನ ಗಂಡ. ಧಾರವಾಡದಲ್ಲಿ ಸ್ಕೂಟರ್ ಗ್ಯಾರೇಜು ನಡೆಸುತ್ತಾರೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದರಿಂದ ಬೆಳ್ಳಿ ಬಣ್ಣದ ಆ ಪ್ಯಾಂಟು ಅವರು ಕೂತಾಗಲೆಲ್ಲ ಬಿಚ್ಚಿಕೊಳ್ಳುತ್ತಿತ್ತು.

ಮದುವೆ ವಿಡಿಯೋ ತೆಗೆಯುವ ನನ್ನ ಮೈದುನ ಒಂದು ಧಾರಾವಾಹಿಯ ಮಾದರಿ ಕಂತು ಮಾಡಿ ಟಿವಿ ಚಾನೆಲ್ಲಿಗೆ ಕಳಿಸಿದ್ದ. ಅದರಲ್ಲಿ ಭೂಮಿಯನ್ನು ಸುಡಲು ಬಂದ ಅನ್ಯಗ್ರಹದವನು ಕೆಲಗೇರಿ ಕೆರೆಯ ದಂಡೆಗೆ ಇಳಿದು, ಸೀದಾ ನಮ್ಮ ಮನೆಯ ಬಾಗಿಲು ಬಡಿಯುತ್ತಾನೆ. ತೆರೆದ ಮುದುಕಿ ಚೀರಬೇಕು. ಮುದುಕಿ ನನ್ನ ಅತ್ತೆ. ಪ್ರತಿ ಸಲವೂ "ಬರ್ರಿ, ಕುಂದರ್ರಿ, ಚಾ ಕುಡೀತೀರೇನು?" ಎಂದುಬಿಟ್ಟರು. ಬೇಸತ್ತ ಮೈದುನ ಅದನ್ನೇ ಇಟ್ಟುಕೊಂಡ. ಅನ್ಯಗ್ರಹದವನು ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು ಊದಿ ಊದಿ ಕುಡಿದದ್ದು ಮಾತ್ರ ಯಾರೂ ಹೇಳಿಕೊಡದ ಅಭಿನಯ.

ಮಧ್ಯಾಹ್ನ ಚಾನೆಲ್ಲಿನವರ ಫೋನು ಬಂತು. ಇದರಲ್ಲಿ ಭಯವೇ ಇಲ್ಲ, ಅಜ್ಜಿ ಚೀರಿದ್ದನ್ನು ನಾಳೆಯೊಳಗೆ ಕಳಿಸಿದರೆ ಧಾರಾವಾಹಿ ಮಾಡೋಣ ಎಂದರು. ಇದೊಂದು ಆದರೆ ಮೈದುನನಿಗೆ ಕಲ್ಯಾಣಮಂಟಪಗಳಲ್ಲಿ ನಿಂತು ಮದುಮಕ್ಕಳಿಗೆ "ಸ್ವಲ್ಪ ನಗ್ರಿ" ಎನ್ನುವ ಬದುಕು ತಪ್ಪುತ್ತಿತ್ತು.

"ಅವ್ವಾ, ಒಮ್ಮಿ ಚೀರು. ನಿನ್ನ ಕಾಲಿಗೆ ಬೀಳ್ತೇನಿ."

"ಬಾಗಲಕ್ಕ ಬಂದವರನ್ನ ನೋಡಿ ಚೀರ್ತಾರೇನೋ, ಮಬ್ಬಾ?"

"ಅಂವ ಭೂಮಿ ಸುಡಾಕ ಬಂದಾನಬೇ!"

"ಸುಡ್ಲಿ. ಚಾ ಕುಡದು ಸುಡ್ಲಿ."

ಮಗನ ಮುಖ ನೋಡಿ ಕೊನೆಗೆ ಒಪ್ಪಿದರು. ಸಂಜೆ ಕ್ಯಾಮೆರಾ ನಿಂತಿತು. ಗಂಡ ಬಾಗಿಲು ಬಡಿದರು. ಅತ್ತೆ ಬಾಯಿ ದೊಡ್ಡದಾಗಿ ತೆರೆದರು.

"ಮಾರಿ ಯಾಕಿಷ್ಟು ಬಾಡೇತಪಾ? ಉಂಡಿಲ್ಲೇನು?"

"ಇಲ್ಲಬೇ," ಎಂದ ಅನ್ಯಗ್ರಹದವನು.

ಮೈದುನ ಕ್ಯಾಮೆರಾ ಆರಿಸಿ ಗೋಡೆಗೆ ಒರಗಿ ಕೂತ.

"ಬ್ಯಾರೆ ಮುದುಕೀನ್ನ ಹುಡುಕಲೇನ್ರಿ, ವೈನಿ?" ಎಂದು ನನ್ನನ್ನು ಕೇಳಿದ.

"ನಮ್ಮ ಓಣಿ ಮುದುಕ್ಯಾರು ನಳದ ಮುಂದ ಚೀರ್ತಾರ. ಬಾಗಲದಾಗ ಚೀರೂದಿಲ್ಲ."

ಅವನಿಗೆ ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಒಳಗೆ ಅತ್ತೆ ನನ್ನ ಗಂಡನಿಗೆ ಬಡಿಸುತ್ತಿದ್ದರು. ಅದನ್ನು ಸ್ವಲ್ಪ ಹೊತ್ತು ನೋಡಿ, ಚಾನೆಲ್ಲಿಗೆ ಫೋನು ಮಾಡಿದ: ನಮ್ಮ ಅಜ್ಜಿ ಚೀರುವುದಿಲ್ಲ. ಅವರು ಹಾಗಾದರೆ ಬೇಡ ಎಂದರು. ಅಷ್ಟೇ.

ರಾತ್ರಿ ಅನ್ನ, ಸಾರು, ಝುಣಕ ಉಂಡೆವು. ಬೆಳಗಾದರೆ ಶಿರಗುಪ್ಪಿಯಲ್ಲಿ ಒಂದು ಮದುವೆಯಿತ್ತು. ಮೈದುನನೇ ಎಲ್ಲರಿಗಿಂತ ಮೊದಲು ಮಲಗಿದ.