ಪಟ್ಟಿಯ ಮೂರನೆಯ ಸಾಲು

ಕೋರ್ಟಿನ ನಕಲು ವಿಭಾಗದಲ್ಲಿ ಅವಳನ್ನು ಮಷಿನ್‌ಗನ್ ಅಂತಲೇ ಕರೆಯುತ್ತಿದ್ದರು. ಮುಖದ ಮುಂದೆ ಅಲ್ಲ, ಬೆನ್ನ ಹಿಂದೆ. ಮೂವತ್ತಾರು ವರ್ಷ ಯಾರದೋ ಜಗಳ, ಯಾರದೋ ವಿಚ್ಛೇದನ, ಯಾರದೋ ಬೇಲಿಯ ತಕರಾರನ್ನು ಟೈಪು ಮಾಡಿದ ಕೈ ಅದು. ಬಾಯಿಯೂ ಅಷ್ಟೇ ವೇಗ. ಒಂದು ಮಾತು ಚುಚ್ಚಿದಳೆಂದರೆ, ಎದುರಿನವರು ಉತ್ತರ ಹುಡುಕುವ ಹೊತ್ತಿಗೆ ಅವಳು ಬಾಗಿಲು ದಾಟಿರುತ್ತಿದ್ದಳು.

ಈ ಸಿಟ್ಟಿಗೆಲ್ಲ ಬೇರು ಒಂದೇ, ಅವಳ ಅಣ್ಣ. ಹನ್ನೆರಡನೆಯ ವಯಸ್ಸಿನಲ್ಲಿ ಅವಳು ಅವನ ಪಿಟೀಲು ಎತ್ತಿಕೊಂಡಿದ್ದಳು. "ನಿಂದು ಒರಟು ಕೈ, ಇದರಲ್ಲಿ ಸಂಗೀತ ಇಲ್ಲ" ಎಂದು ಅವನು ಕಿತ್ತುಕೊಂಡ. ಅಪ್ಪ ಹೌದೆಂದು ತಲೆಯಾಡಿಸಿ ಮಗಳನ್ನು ಟೈಪಿಂಗ್ ಕಲಿಯಲು ಕಳಿಸಿದ. ಅಣ್ಣ ಮುಂದೆ ಸಂಗೀತ ಶಾಲೆ ತೆರೆದು ದೊಡ್ಡ ಮೇಷ್ಟ್ರಾದ. ಆದರೆ ಶಾಲೆಯ ವಾರ್ಷಿಕೋತ್ಸವದ ಕಾರ್ಯಕ್ರಮ ಪಟ್ಟಿಯನ್ನು ಮಾತ್ರ ಪ್ರತಿ ವರ್ಷವೂ ತಂಗಿಯಿಂದಲೇ ಟೈಪು ಮಾಡಿಸುತ್ತಿದ್ದ. ಅದೇ ಒರಟು ಕೈಯಿಂದ! ಹಾಡುವವರು, ನುಡಿಸುವವರು, ಮೈಕು ಕೊಟ್ಟವರು, ಕುರ್ಚಿ ಕೊಟ್ಟವರು, ಎಲ್ಲರ ಹೆಸರೂ ಅದರಲ್ಲಿ ಇರುತ್ತಿತ್ತು, ಅವಳದೊಂದನ್ನು ಬಿಟ್ಟು.

ನಿವೃತ್ತಿಯಾದ ವರ್ಷ, ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುವ ಮಗಳು ಒಂದು ಹಲಗೆ ತಂದು ಊಟದ ಮೇಜಿನ ಮೇಲಿಟ್ಟಳು. ಎಂಟು ಸಾಲು, ಸಾಲಿಗೆ ಇಪ್ಪತ್ತೈದು ಚೌಕ, ಅವುಗಳಡಿ ಪುಟ್ಟ ದೀಪಗಳು. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಚೌಕಕ್ಕೊಂದು ಸ್ವರ. ಒತ್ತಿದಷ್ಟೂ ದನಿ ಏರುತ್ತದೆ. ಬೆರಳನ್ನು ಪಕ್ಕಕ್ಕೆ ಜಾರಿಸಿದರೆ ಸ್ವರವೂ ಜಾರುತ್ತದೆ, ಮೇಲೆ ಕೆಳಗೆ ಸರಿಸಿದರೆ ದನಿಯ ಬಣ್ಣವೇ ಬೇರೆಯಾಗುತ್ತದೆ.

"ಇದು ನನ್ನ ಮಷಿನ್ನೇ ಕಣೇ!" ಎಂದು ಅವಳು ಕೂತೇಬಿಟ್ಟಳು. ನೋಡದೆ ಚೌಕ ಹುಡುಕುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಎರಡೇ ವಾರದಲ್ಲಿ ಕಣ್ಣು ಮುಚ್ಚಿ ಸ್ವರಗಳನ್ನು ಏರಿಳಿಸಿದಳು. ಆದರೆ ಬಂದದ್ದು ಸಂಗೀತವಲ್ಲ. ಟಕ್, ಟಕ್, ಟಕ್. ಪ್ರತಿ ಸ್ವರವೂ ಒಮ್ಮೆ ಕಿರುಚಿ ಅಲ್ಲೇ ಸಾಯುತ್ತಿತ್ತು.

"ಅಮ್ಮ, ಹೊಡೀಬೇಡ, ಒತ್ತು. ಒತ್ತಿ ಅಲ್ಲೇ ಇರು."

"ಇರೋಕಾಗಲ್ಲ! ಬೆರಳು ಎತ್ತದಿದ್ರೆ ಮುಂದಿನ ಅಕ್ಷರದ ಕಡ್ಡಿ ಬಂದು ಸಿಕ್ಕಿಹಾಕ್ಕೊಳ್ಳತ್ತೆ."

"ಇದೇನು ಟೈಪ್‌ರೈಟರಾ? ಇದರಲ್ಲಿ ಕಡ್ಡೀನೇ ಇಲ್ಲಮ್ಮ."

ಅದು ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಮೇಲಿನ ಮನೆಯ ದರ್ಜಿ ಇಳಿದು ಬಂದು, "ಏನಕ್ಕಾ, ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿಬಿಡ್ತಾ?" ಎಂದು ಕೇಳಿ ಬೈಸಿಕೊಂಡು ಹೋದ. ನಾಲ್ಕು ತಿಂಗಳು ಅವಳು ಹಲಗೆಗೆ ಬೈದಳು, ಮಗಳಿಗೆ ಬೈದಳು, ಕೋರ್ಟಿಗೆ ಬೈದಳು. ಒಂದು ಸಂಜೆ ಅದನ್ನು ಚೀಲಕ್ಕೆ ತುರುಕಿ ಕಪಾಟಿನ ಮೇಲೆ ಹಾಕಿಯೂ ಬಿಟ್ಟಳು. ಅಣ್ಣ ಹೇಳಿದ್ದೇ ನಿಜವೇನೋ ಎನ್ನಿಸಿದ್ದೇ ತಡ, ಮೈಯೆಲ್ಲ ಉರಿದು ಮತ್ತೆ ಇಳಿಸಿಕೊಂಡಳು.

ಕಲಿತದ್ದು ಆ ಉರಿಯಲ್ಲೇ. ನಡುಬೆರಳನ್ನು ಒಂದು ಚೌಕದ ಮೇಲಿಟ್ಟು "ನಿಂದು ಒರಟು ಕೈ" ಎಂಬ ಮಾತನ್ನು ನೆನೆದಳು. ಎಂದಿನಂತೆ ಹೊಡೆದು ಓಡಲಿಲ್ಲ, ಹಲ್ಲು ಕಚ್ಚಿ ಒತ್ತಿಯೇ ಇದ್ದಳು. ಸ್ವರ ಬದುಕಿತು. ಸಣ್ಣಗೆ ಎದ್ದು, ತುಂಬಿಕೊಂಡು, ಬೆರಳು ನಡುಗಿದಾಗ ತಾನೂ ನಡುಗಿತು. ನಲವತ್ತೆಂಟು ವರ್ಷದಲ್ಲಿ ತನ್ನ ಸಿಟ್ಟು ಇಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ಅವಳು ಕಂಡಿರಲಿಲ್ಲ.

ವರ್ಷ ಕಳೆಯಿತು, ಕೈ ಪಳಗಿತು. ಈ ಸಲದ ವಾರ್ಷಿಕೋತ್ಸವದಲ್ಲಿ ತಾನೂ ನುಡಿಸುತ್ತೇನೆಂದು ಫೋನಿನಲ್ಲಿ ಹೇಳಿದಾಗ ಅಣ್ಣ ನಕ್ಕ. ಭಾನುವಾರ ಬೆಳಿಗ್ಗೆ ಕೈಬರಹದ ಪಟ್ಟಿ ಹಿಡಿದು ಬಂದ. ಅದರಲ್ಲಿ ಅವಳ ಹೆಸರಿರಲಿಲ್ಲ.

"ಮೊದಲು ಕೇಳು, ಟೈಪು ಆಮೇಲೆ" ಎಂದು ಅವಳು ನುಡಿಸಲು ಕೂತಳು. ಹತ್ತು ನಿಮಿಷ ನುಡಿಸಿದಳು. ಅಣ್ಣನ ಕಾಲ್ಬೆರಳು ತಾಳ ಹಾಕುತ್ತಿದ್ದುದನ್ನು ಅವಳೂ ನೋಡಿದಳು, ಮಗಳೂ ನೋಡಿದಳು. ಗೊತ್ತಾಗದಿದ್ದದ್ದು ಅವನಿಗೊಬ್ಬನಿಗೇ.

"ಪರವಾಗಿಲ್ಲ ಕಣೇ" ಎಂದ. "ಕರೆಂಟು ಚೆನ್ನಾಗಿ ನುಡಿಸತ್ತೆ."

ಅವಳು ಎರಡೂ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಹಲಗೆಯ ದೀಪಗಳು ಉರಿಯುತ್ತಲೇ ಇದ್ದವು. ಕೋಣೆಯಲ್ಲಿ ಸದ್ದಿಲ್ಲ.

"ಕರೆಂಟು ಇನ್ನೂ ಇದೆಯಲ್ಲ, ನುಡಿಸ್ಲಿ ಕೇಳೋಣ."

ಅಣ್ಣ ಕೆಮ್ಮಿದ. "ಸಿಟ್ಟಾಗ್ಬೇಡ. ಕೊನೇಲಿ ಹಾಕೋಣ ಬಿಡು, ವಂದನಾರ್ಪಣೆ ಆದ್ಮೇಲೆ. ಹೊಸ ಯಂತ್ರದ ಪರಿಚಯ ಅಂತ."

"ವಂದನಾರ್ಪಣೆ ಆದ್ಮೇಲೆ ಯಾರಿರ್ತಾರೆ? ಕುರ್ಚಿ ಮಡಚೋರಾ?"

ಹಿಂದೆಲ್ಲ ಆಗಿದ್ದರೆ ಇಷ್ಟಂದು ಅಡುಗೆಮನೆಗೆ ನಡೆದುಬಿಡುತ್ತಿದ್ದಳು. ಈ ಸಲ ಜಾಗ ಬಿಟ್ಟು ಏಳಲಿಲ್ಲ. "ಹನ್ನೆರಡು ವರ್ಷದ ಹುಡುಗಿ ಕೈಯಿಂದ ಕಿತ್ಕೊಂಡೆ ನೀನು. ನಾನು ಮರೆತಿಲ್ಲ ಅಣ್ಣ, ಮರೆಯೋದೂ ಇಲ್ಲ" ಎಂದು ಅವನ ಮುಖವನ್ನೇ ನೋಡುತ್ತಾ ಕೂತಳು. ಅವನು ಕಣ್ಣು ತಗ್ಗಿಸುವವರೆಗೂ ನೋಡಿದಳು.

ಆಮೇಲೆ ಹಳೆಯ ಟೈಪ್‌ರೈಟರನ್ನು ಎಳೆದುಕೊಂಡು ಹಾಳೆ ಏರಿಸಿದಳು. ಸ್ವಾಗತ. ವರದಿ. ಮೂರನೆಯ ಸಾಲಿನಲ್ಲಿ ತನ್ನ ಹೆಸರು, ಅದರ ಮುಂದೆ ವಾದನ, ಇಪ್ಪತ್ತು ನಿಮಿಷ. ಮಷಿನ್‌ಗನ್ನಿನ ಸದ್ದು ಬೀದಿಯವರೆಗೂ ಕೇಳಿಸಿತು.

ಅಣ್ಣ ಕನ್ನಡಕ ಏರಿಸಿ, ಪ್ರತಿ ವರ್ಷದಂತೆ ತಪ್ಪು ಹುಡುಕುತ್ತಾ ಹಾಳೆಯ ಮೇಲೆ ಬೆರಳಾಡಿಸಿದ. ಮೂರನೆಯ ಸಾಲಿಗೆ ಬಂದು ಬೆರಳು ನಿಂತಿತು, ಬಹಳ ಹೊತ್ತು ನಿಂತಿತು. ತಪ್ಪು ಸಿಗಲಿಲ್ಲ.