ಹಳ್ಳಕ್ಕೆ ಬಿಟ್ಟ ಅವ್ವ

ಕರೋನಾ ಮುಗಿದು ಶಾಲೆ ಪೂರ್ತಿ ತೆರೆದ ಮರುವರ್ಷ ಇದು ನಡೆದದ್ದು. ಆಗ ನಾನು ಸವದತ್ತಿ ತಾಲೂಕಿನಲ್ಲಿ, ಮನೋಳಿಗೆ ಸಮೀಪದ ನಮ್ಮೂರ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳು. ಮುಖ್ಯ ಎಂದರೆ ದೊಡ್ಡದೇನಲ್ಲ, ಕೈಕೆಳಗೆ ಒಬ್ಬಳೇ ಇದ್ದಳು. ನಲವತ್ತೆರಡು ಮಕ್ಕಳಿಗೆ ಅನ್ನ, ಸಾರು ಮಾಡುವುದು, ಬಡಿಸುವುದು, ಸಂಜೆ ಎರಡು ಕೋಣೆ ಗುಡಿಸಿ ಕೀಲಿ ಹಾಕುವುದು, ಇಷ್ಟು ಕೆಲಸ. ಶಾಲೆಯಲ್ಲಿ ಎಲ್ಲರೂ ನನ್ನನ್ನು ಆಯಿ ಎನ್ನುತ್ತಿದ್ದರು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುವುದು ನಿಧಾನ. ಇಷ್ಟು ಬರೆಯುವುದಕ್ಕೆ ಹನ್ನೊಂದು ದಿನ ಹಿಡಿದಿದೆ.

ಆ ವರ್ಷ ಬೈಲಹೊಂಗಲದ ಕಡೆಯಿಂದ ಹೊಸ ಟೀಚರ್ ಬಂದಿದ್ದರು. ಒಂದರಿಂದ ಮೂರನೆಯ ತರಗತಿ ಅವರದು. ಮನೋಳಿಯಲ್ಲಿ ಕ್ಲಸ್ಟರ್ ಮಟ್ಟದ, ಅಂದರೆ ಸುತ್ತಲಿನ ಶಾಲೆಗಳೆಲ್ಲ ಸೇರಿದ, ಮಕ್ಕಳ ಕಲಾ ಪ್ರದರ್ಶನ ಇತ್ತು. ಟೀಚರ್ ಬಣ್ಣದ ಕಾಗದ, ಗೋಂದು, ಐಸ್‌ಕ್ರೀಮ್ ಕಡ್ಡಿ ತಂದರು. ಮಳೆಗಾಲದ ತಂಪಿಗೆ ಕಾಗದ ಮೆತ್ತಗಾಯಿತು. ಗೋಂದು ಕಾಗದಕ್ಕಿಂತ ಮಕ್ಕಳ ತಲೆಗೂದಲಿಗೇ ಹೆಚ್ಚು ಅಂಟಿತು.

"ಟೀಚರ್, ಈ ಹುಡುಗೂರಿಗೆ ಕಾಗದ ಅಂದ್ರ ಹರಿಯೂದಷ್ಟ ಗೊತ್ತರಿ. ಮಣ್ಣ ಕೊಡ್ರಿ" ಎಂದೆ.

"ನನಗ ಮಣ್ಣಿನ ಕೆಲಸ ಬರೂದಿಲ್ಲಲ್ಲ ಆಯಿ."

"ನಿಮಗ ಬರೂದು ಬ್ಯಾಡ. ಅವರಿಗೆ ಬರತೈತಿ."

ಹಳ್ಳದ ದಂಡೆಯಿಂದ ಎರಡು ಬುಟ್ಟಿ ಕರಿಮಣ್ಣು ತಂದು ನೆನೆಹಾಕಿದೆ. ಬರೀ ಕರಿಮಣ್ಣು ಒಣಗಿದರೆ ಬಿರಿಯುತ್ತದೆ. ಅದಕ್ಕೆ ಹತ್ತಿಯ ಅರಳೆ ಸೇರಿಸಿ ಕುಟ್ಟಬೇಕು, ಮಾಡಿದ್ದನ್ನು ನೆರಳಲ್ಲೇ ಒಣಗಿಸಬೇಕು. ಮಕ್ಕಳು ಎತ್ತು, ಬಂಡಿ, ಗಡಿಗೆ ಮಾಡಿದರು. ಒಬ್ಬ ಮೊಬೈಲು ಮಾಡಿ ಕಿವಿಗೆ ಹಿಡಿದುಕೊಂಡು ತಿರುಗಿದ.

ಎರಡನೆಯ ತರಗತಿಯ ದೀಪಾ ಮಾತ್ರ ಮೂಲೆಯಲ್ಲಿ ಕುಳಿತು ಮೂರು ದಿನ ಒಂದೇ ಗೊಂಬೆ ಮಾಡಿದಳು. ಅವಳ ಅವ್ವ ಜಗಳವಾಗಿ ರಾಮದುರ್ಗದ ತವರಿಗೆ ಹೋಗಿ ವರ್ಷದ ಮೇಲಾಗಿತ್ತು. ಮಗುವನ್ನು ಅಪ್ಪನ ಮನೆಯವರು ಬಿಟ್ಟುಕೊಟ್ಟಿರಲಿಲ್ಲ. ಮನೆಯಲ್ಲಿ ಆಕೆಯ ಹೆಸರೆತ್ತುವ ಹಾಗಿರಲಿಲ್ಲ. ಟೀಚರ್ ರಾಮದುರ್ಗಕ್ಕೆ ಫೋನು ಮಾಡಿ, ಪ್ರದರ್ಶನದ ದಿನ ಮನೋಳಿಗೆ ಬಂದರೆ ಮಗಳನ್ನು ನೋಡಬಹುದು ಎಂದು ಹೇಳಿದ್ದರು. ಆಕೆ ಬರುತ್ತೇನೆ ಎಂದಿದ್ದಳು. ದೀಪಾಳ ಗೊಂಬೆ ಒಬ್ಬ ಹೆಂಗಸು. ಗುಲಗಂಜಿಯ ಕಣ್ಣು, ಕುಸುಬಿ ಕಾಳಿನ ಸರ, ಮುಂದೊಂದು ದುಂಡನೆಯ ತಟ್ಟೆ. ಯಾರಿದು ಎಂದು ನಾನು ಕೇಳಲಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ಅದು ಆಷಾಢ. ನಮ್ಮ ಕಡೆ ಆ ತಿಂಗಳ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಹೀಗೆಯೇ ಗುಲಗಂಜಿ, ಕುಸುಬಿ ಕಾಳು ಚುಚ್ಚಿ, ಆರತಿ ಮಾಡಿ ಹಳ್ಳಕ್ಕೆ ಬಿಡುತ್ತಾರೆ. ಕಡೆಯ ಮಂಗಳವಾರ ದಾಟಿ ಗುಳ್ಳವ್ವ ಒಳಗೆ ಉಳಿಯಬಾರದು. ಶಾಲೆಯಲ್ಲೂ ಹುಡುಗಿಯರು ನಾಲ್ಕು ಗುಳ್ಳವ್ವ ಮಾಡಿ ಕಿಟಕಿಯಲ್ಲಿ ಕೂರಿಸಿದ್ದರು. ಆ ಕಡೆಯ ಮಂಗಳವಾರ ಟೀಚರ್ ಟ್ರೇನಿಂಗಿಗೆ ಹೋಗಿದ್ದರು. ಜೋರು ಮಳೆ ಬಂತೆಂದು ಹೆಡ್ ಮಾಸ್ತರರು ಮಕ್ಕಳನ್ನು ಬೇಗ ಮನೆಗೆ ಕಳಿಸಿದರು. ಕಸ ಗುಡಿಸಲು ಹೋದ ನಾನು ಕಿಟಕಿಯಲ್ಲಿದ್ದ ಎಲ್ಲವನ್ನೂ ಮೊರದಲ್ಲಿ ಜೋಡಿಸಿಕೊಂಡು, ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಹೋಗಿ ಹಳ್ಳಕ್ಕೆ ಬಿಟ್ಟುಬಂದೆ. ಮೊರದಲ್ಲಿ ಐದು ಇದ್ದವು. ಐದು ಯಾಕೆ ಎಂದು ನನಗೆ ಹೊಳೆಯಲಿಲ್ಲ.

ಮರುದಿನ ದೀಪಾ ಅಡುಗೆ ಕೋಣೆಯ ಬಾಗಿಲಿಗೆ ಬಂದಳು.

"ಆಯಿ, ನಮ್ಮವ್ವ ಎಲ್ಲಿ ಅದಾಳ?"

"ರಾಮದುರ್ಗದಾಗ."

"ಆ ಅವ್ವ ಅಲ್ಲ. ಕಿಟಕ್ಯಾಗ ಇದ್ದಕಿ."

ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. "ಹಳ್ಳಕ್ಕ ಬಿಟ್ಟೆ. ಗುಳ್ಳವ್ವ ಅಂತ ತಿಳದೆ."

"ಅಕಿ ಗುಳ್ಳವ್ವ ಅಲ್ಲ. ಅಕಿ ರೊಟ್ಟಿ ಬಡ್ಯಾಕ ಹತ್ತಿದ್ಲು."

ಅತ್ತಿದ್ದರೆ ಬೈದಾದರೂ ಸುಮ್ಮನಾಗಿಸುತ್ತಿದ್ದೆ. ಅವಳು ಅಳಲಿಲ್ಲ. ಶನಿವಾರದ ಪ್ರದರ್ಶನಕ್ಕೆ ಮೂರೇ ದಿನ ಉಳಿದಿತ್ತು. ಅಂದು ಮಧ್ಯಾಹ್ನ ಪಾತ್ರೆ ತೊಳೆಯುವುದನ್ನು ಇನ್ನೊಬ್ಬಳಿಗೆ ಬಿಟ್ಟು ನಾನೇ ಕುಳಿತು ರೊಟ್ಟಿ ಬಡಿಯುವ ಹೆಂಗಸನ್ನು ಮಾಡಿದೆ. ಚೆನ್ನಾಗಿಯೇ ಬಂದಿತ್ತು. ದೀಪಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇಕಿ ನೀನ ಆಯಿ. ನಮ್ಮವ್ವ ಹಿಂಗ ಮೊಣಕಾಲ ಎತ್ತಿ ಕುಂಡ್ರೂದಿಲ್ಲ."

"ಮತ್ತ ಹೆಂಗ ಕುಂಡ್ರತಾಳ? ತೋರಸು."

ಒಂದು ಕಾಲು ಮಡಚಿದಳು, ಬಿಚ್ಚಿದಳು. ಇನ್ನೊಂದನ್ನು ಮಡಚಿದಳು.

"ಆವಾಗ ನೆನಪಿತ್ತು. ಈಗ ಬರವಲ್ಲದು" ಎಂದಳು. ಗೊಂಬೆಯನ್ನು ನನ್ನ ಕೈಗೆ ವಾಪಸು ಕೊಟ್ಟು, "ಆಯಿ, ಶನಿವಾರ ನನಗ ಅಕಿ ಗುರ್ತ ಸಿಗಲಿಲ್ಲಂದ್ರ?" ಎಂದು ಕೇಳಿದಳು.

ಮೂವತ್ತು ವರ್ಷದ ಹಿಂದೆ ತೀರಿಹೋದ ನನ್ನ ಅವ್ವನ ಮುಖ ನನಗೂ ಪೂರ್ತಿ ಬರುವುದಿಲ್ಲ. ಚಚಡಿಯ ತವರುಮನೆಯ ಒಲೆ ನೆನಪಿದೆ. ಅದರ ಮುಂದೆ ಕುಳಿತವಳು ಬೆನ್ನು ಮಾಡಿಯೇ ಕುಳಿತಿರುತ್ತಾಳೆ.

ಶನಿವಾರ ಮಕ್ಕಳ ಜೊತೆ ನಾನೂ ಮನೋಳಿಗೆ ಹೋದೆ. ಒಂದು ಡಬ್ಬಿಯಲ್ಲಿ ಹಸಿ ಮಣ್ಣು ಒಯ್ದಿದ್ದೆ. ಮೇಜಿನ ಮೇಲೆ ಟೀಚರ್ ದೀಪಾಳ ಹೆಸರಿನ ಚೀಟಿ ಇಟ್ಟಿದ್ದರು, ಚೀಟಿಯ ಮುಂದೆ ಏನೂ ಇರಲಿಲ್ಲ. ಎರಡರ ಸುಮಾರಿಗೆ ದೀಪಾಳ ಅವ್ವ ಬಂದಳು. ಬಡಕಲು ಹೆಂಗಸು, ಕೈಯಲ್ಲಿ ಬಾಳೆಹಣ್ಣಿನ ಚೀಲ. ದೀಪಾ ನನ್ನ ಸೆರಗು ಹಿಡಿದು ನಿಂತೇ ಇದ್ದಳು. ಆಕೆಯೂ ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು.

"ಬಾ ಅಂದ್ರ ಬರತೈತೋ ಇಲ್ಲೋ ಇದು" ಎಂದು ನನ್ನನ್ನು ಕೇಳಿದಳು.

ದೀಪಾ ಸೆರಗು ಬಿಟ್ಟಳು. "ಕುಂಡ್ರು. ರೊಟ್ಟಿ ಬಡಿ" ಎಂದಳು.

"ಎಲ್ಲಿ ರೊಟ್ಟಿ?"

"ಸುಳ್ಳ ಸುಳ್ಳ ಬಡಿ."

ಆಕೆ ಅಷ್ಟು ಜನರ ನಡುವೆ, ವರಾಂಡದ ನೆಲದ ಮೇಲೆ, ಎರಡೂ ಕಾಲನ್ನು ಒಂದೇ ಕಡೆ ಮಡಚಿ ಕುಳಿತು ಬರಿಗೈಯಿಂದ ನೆಲ ಬಡಿಯತೊಡಗಿದಳು. "ಹಾಂ, ಹಿಂಗ" ಎಂದು ದೀಪಾ ಡಬ್ಬಿ ಎಳೆದುಕೊಂಡು ಎದುರಿಗೆ ಕುಳಿತಳು. ಒಂದು ತಾಸು ಗೊಂಬೆ ಮಾಡಿದಳು. ಅವ್ವ ಮಗಳ ಕೆನ್ನೆ ಮುಟ್ಟಲು ಕೈ ಚಾಚಿದರೆ, "ಅಲಗಾಡಬ್ಯಾಡ" ಎಂದು ಗದರಿಸಿದಳು.

ಬಹುಮಾನಕ್ಕೆ ಆರಿಸುವವರು ಬಂದರು. "ಇದು ಇನ್ನೂ ಹಸಿ ಐತಲ್ರಿ. ಇದಕ್ಕ ಹೆಂಗ ನಂಬರ ಕೊಡೂದು?"

"ಕೊಡಬ್ಯಾಡ್ರಿ. ಮುಂದ ಹೋಗ್ರಿ" ಎಂದೆ.

ನಾಲ್ಕು ಗಂಟೆಯ ರಾಮದುರ್ಗದ ಬಸ್ಸಿಗೆ ಆಕೆ ಹೋದಳು. ದೀಪಾ ಗೊಂಬೆಯನ್ನು ನನ್ನ ಕೈಗೆ ಕೊಟ್ಟಳು. ಮನೆಗೆ ಒಯ್ದರೆ ಅಜ್ಜಿ ಬಿಸಾಡುತ್ತಾಳೆಂದು ಅವಳಿಗೆ ಗೊತ್ತಿತ್ತು. "ನಾ ಅವ್ವನ ಕಡೆ ಹೋಗೂವಾಗ ಒಯ್ತೇನಿ. ಹಳ್ಳಕ್ಕ ಬಿಡಬ್ಯಾಡ" ಎಂದಳು.

ಮುಂದಿನ ವರ್ಷ ಹಿರಿಯರು ಕುಳಿತು ಮಾತಾಡಿ ಅವಳನ್ನು ರಾಮದುರ್ಗಕ್ಕೆ ಕಳಿಸಿದರು. ಅವಸರದಲ್ಲಿ ಹೋದಳು, ಗೊಂಬೆ ಒಯ್ಯಲು ಬರಲಿಲ್ಲ. ಅರವತ್ತು ತುಂಬಿ ನಾನು ಕೆಲಸ ಬಿಡುವಾಗ ಅಡುಗೆ ಕೋಣೆಯಿಂದ ಅದೊಂದನ್ನೇ ಮನೆಗೆ ತಂದೆ.

ಹದಿನೆಂಟು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟು. ಸಣ್ಣ ಮಕ್ಕಳು ಮಾಡಿದ್ದನ್ನು ಮುಟ್ಟುವ ಮುಂಚೆ ಇದು ಏನು ಎಂದು ಕೇಳಬೇಕು. ನೋಡಿದರೇ ತಿಳಿಯುತ್ತದೆ ಎಂದುಕೊಳ್ಳಬಾರದು.

ಈಗಲೂ ಆಷಾಢದ ಕಡೆಯ ಮಂಗಳವಾರ ಓಣಿಯ ಗುಳ್ಳವ್ವಗಳೆಲ್ಲ ಹಳ್ಳಕ್ಕೆ ಹೋಗುತ್ತವೆ. ನಮ್ಮ ಮನೆಯ ಗೋಡೆಯ ಗೂಡಿನಲ್ಲಿ ಇವಳು ಕುಳಿತೇ ಇರುತ್ತಾಳೆ. ದೀಪಾಗೆ ಇನ್ನು ಇದರ ಅಗತ್ಯವಿಲ್ಲ, ದಿನಾ ಕಣ್ಣೆದುರಿಗೇ ಅವ್ವ ರೊಟ್ಟಿ ಬಡಿಯುತ್ತಾಳೆ. ಒಳ್ಳೆಯದೇ ಆಯಿತು. ಆದರೂ ರಾಮದುರ್ಗದ ಬಸ್ಸು ನಮ್ಮೂರಲ್ಲಿ ನಿಂತಾಗ, ಯಾರು ಇಳಿದರು ಎಂದು ನಾನು ಎದ್ದು ನೋಡುತ್ತೇನೆ.