ಮೂರು ಯಂತ್ರ, ಒಂದೇ ಹೂವು

ಕಳೆದ ವಾರ ನಮ್ಮ ಡಿಸೈನ್ ವಿಭಾಗಕ್ಕೆ ಹೊಸ ಕಂಪ್ಯೂಟರ್ ಬಂತು. ರಟ್ಟಿನ ಡಬ್ಬಿ ಬಿಚ್ಚಿದ್ದೇ ತಡ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಅಕ್ಕೋರ ನೆನಪು. ಯಾವ ಯಂತ್ರ ಬಂದರೂ ಅವರು ಮೊದಲು ಅದನ್ನು ಮೂಸಿ ನೋಡುತ್ತಿದ್ದರು, ಸಂತೆಯಲ್ಲಿ ಕಲ್ಲಂಗಡಿ ಮೂಸುವವರ ಹಾಗೆ... ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಅವರು ಅಕ್ಕಲಕೋಟದವರು. ಅಲ್ಲಿನ ಕನ್ನಡ ಶಾಲೆಯೊಂದರಲ್ಲಿ ಕೆಲವು ವರ್ಷ ಕಂಪ್ಯೂಟರ್ ಕಲಿಸಿ, ಆಮೇಲೆ ಸೊಲ್ಲಾಪುರದ ನಮ್ಮ ಟವೆಲ್ ಕಾರ್ಖಾನೆಗೆ ಬಂದಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ; ಶಾಲೆ ಬಿಟ್ಟರೂ ಆ ಹೆಸರು ಬಿಡಲಿಲ್ಲ. ಮಾಲಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಅಕ್ಕೋರೇ. ನಾನು ದಾರಿಯಲ್ಲಿ ಸಿಗುವ ನಮ್ಮೂರು ಕುಂಭಾರಿಯಲ್ಲಿ ಬಸ್ಸು ಹತ್ತುವಾಗ ಕಿಟಕಿಯ ಪಕ್ಕದ ಸೀಟಿನ ಮೇಲೆ ಅವರ ಚೀಲವಿರುತ್ತಿತ್ತು, ನನಗಾಗಿ. ನಮ್ಮ ಮನೆತನದಲ್ಲಿ ಕುರಿ ಕಾಯುವುದು ಬಿಟ್ಟು ಪಗಾರದ ಕೆಲಸಕ್ಕೆ ಹೊರಟವಳು ನಾನೇ ಮೊದಲು.

ನಾವು ನಾಲ್ವರು ಹೆಣ್ಣುಮಕ್ಕಳು ಟವೆಲ್ಲಿನ ಹೂವು, ಬಳ್ಳಿ, ಅಂಚುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದೆವು. ಅಲ್ಲಿಂದ ಕೇಬಲ್ಲಿನಲ್ಲಿ ಮಗ್ಗಕ್ಕೆ ಅಪ್ಪಣೆ ಹೋಗುತ್ತಿತ್ತು: ಯಾವ ಎಳೆ ಏಳಬೇಕು, ಯಾವುದು ಕೂರಬೇಕು. ಆದರೆ ಆ ಅಪ್ಪಣೆ ಬರೆಯುವ ಪ್ರೋಗ್ರಾಮು ಓಡುತ್ತಿದ್ದದ್ದು ಒಂದೇ ಒಂದು ಯಂತ್ರದ ಮೇಲೆ. ಮಾರಿದ ಕಂಪನಿಯದೇ ಯಂತ್ರ, ಅವರದೇ ಸಿಸ್ಟಮ್. ಬೇರೆ ಯಾವುದರ ಮೇಲೂ ಅದು ಏಳುತ್ತಿರಲಿಲ್ಲ.

ಅಕ್ಕೋರಿಗೆ ಇದು ಮೊದಲಿನಿಂದಲೂ ಹಿಡಿಸಿರಲಿಲ್ಲ. ಒಂದು ದಿನ ಮಾಲಕರ ಎದುರು ಕುಳಿತು ಹೇಳಿಯೇಬಿಟ್ಟರು.

"ಸಾಹೇಬ್ರ, ಎಲ್ಲಾ ನಮೂನಿ ಮಷೀನ್ ಮ್ಯಾಲ ಕೂಡೂ ಸಿಸ್ಟಮ್ ಅದಾವರಿ. ನಮ್ಮ ಕೆಲಸಾ ಅದರ ಮ್ಯಾಲ ತರೋಣು. ನಾಳೆ ಈ ಮಷೀನ್ ಹೋತಂದ್ರ ಬಾಜಾರದಾಗ ಯಾವುದು ಅಗ್ಗ ಸಿಗತದ ಅದನ್ನ ತಂದು ಕೂಡಸ್ರಿ. ಹುಡುಗ್ಯಾರು ಮತ್ತ ಮೊದಲಿಂದ ಕಲಿಯೂದು ಬ್ಯಾಡ, ಡಿಜೈನ್ ಮತ್ತ ಮೊದಲಿಂದ ಮಾಡೂದು ಬ್ಯಾಡ. ಒಬ್ಬ ವ್ಯಾಪಾರಿಯ ಬಾಗಲಾ ಕಾಯೂದು ತಪ್ಪತದ."

"ಚಾಲೂ ಇದ್ದದ್ದನ್ನ ಯಾಕ ಕೆಣಕತೀರಿ ಅಕ್ಕೋರ?" ಎಂದು ಮಾಲಕರು ಚಹಾ ತರಿಸಿದರು. ಮಾತು ಅಲ್ಲಿಗೆ ಮುಗಿಯಿತು.

ಅಕ್ಕೋರ ಕೆಲಸ ಮುಗಿಯಲಿಲ್ಲ. ಮುರಿದ, ಕೆಟ್ಟ ಮೋಡಕಾ ಸಾಮಾನಿನ ಕೋಣೆಯಿಂದ ಒಂದು ಹಳೆಯ ಕಂಪ್ಯೂಟರ್ ಎತ್ತಿ ತಂದರು. ಒಂದು ವರ್ಷ ಪೂರ್ತಿ, ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದು ಕೈಯಲ್ಲಿ ಸಾಲು ಸಾಲಾಗಿ ಹೊಸ ಪ್ರೋಗ್ರಾಮು ಬರೆದರು. ನಾವು ಬಿಡಿಸಿದ ಪ್ರತಿ ಡಿಸೈನನ್ನೂ ಸಂಜೆ ತಮ್ಮ ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತಿದ್ದರು. ಅವರ ರೊಟ್ಟಿ ಒಣಗುವುದನ್ನು ನೋಡಿ ನನಗೇ ಸಿಟ್ಟು ಬರುತ್ತಿತ್ತು...

ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟು ಒಮ್ಮೆಲೇ ಏರಿತು. ಆ ಒಂದೇ ಯಂತ್ರ ಸುಟ್ಟುಹೋಯಿತು. ಅದನ್ನು ಮಾರಿದ ಕಂಪನಿಯ ಮನುಷ್ಯ ಬಂದು ನೋಡಿ, ಆ ಮಾದರಿ ಈಗ ತಯಾರಾಗುವುದಿಲ್ಲ ಎಂದ. ಹೊಸದರ ಚಿಪ್ಪೇ ಬೇರೆ. ಅದಕ್ಕೆ ಪ್ರೋಗ್ರಾಮು ಹೊಸದಾಗಿ ಕೂಡಿಸಲು ಮೂರು ತಿಂಗಳು. ಪರದೇಶದ ಗಿರಾಕಿಗೆ ಕಮಲದ ಹೂವಿನ ಟವೆಲ್ಲುಗಳು ಹೊರಡಬೇಕಾದದ್ದು ಹನ್ನೆರಡು ದಿನಕ್ಕೆ. ಮಾಲಕರು ಆರ್ಡರನ್ನು ಬೇರೆ ಕಾರ್ಖಾನೆಗೆ ಕೊಟ್ಟು, ನಮ್ಮ ವಿಭಾಗವನ್ನೇ ಮುಚ್ಚುವ ಮಾತಾಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಊರಿಗೆ ಹೋಗಿ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ.

"ನಾಳೆ ಹನ್ನೊಂದಕ್ಕ ಬರ್ರಿ ಸಾಹೇಬ್ರ," ಎಂದರು ಅಕ್ಕೋರು. "ಈ ಕಂಪನಿಯವ್ರನ್ನೂ ಕರಕೊಂಡು ಬರ್ರಿ."

ಮರುದಿನ ಮಗ್ಗದ ಪಕ್ಕದ ಮೇಜಿನ ಮೇಲೆ ಮೂರು ಯಂತ್ರಗಳಿದ್ದವು. ಒಂದು, ಆ ಹಳೆಯದು. ಇನ್ನೊಂದು, ಆಫೀಸಿನಲ್ಲಿ ಪತ್ರ ಬರೆಯುವ ಕಂಪ್ಯೂಟರ್. ಮೂರನೆಯದು, ಅಕ್ಕೋರು ತಮ್ಮ ಪಗಾರದಲ್ಲಿ ಕೊಂಡಿದ್ದ ಅಂಗೈಯಗಲದ ಬೋರ್ಡು, ಮೊಬೈಲಿನಲ್ಲಿರುವಂಥ ಚಿಪ್ಪಿನದು. ಕಂಪನಿಯ ಮನುಷ್ಯ ಅದನ್ನು ಎತ್ತಿ ನೋಡಿ, ಆಟಿಕೆ ಎಂದು ನಕ್ಕ.

ಹಳೆಯದಕ್ಕೆ ಕೇಬಲ್ ಸಿಕ್ಕಿಸಿದರು. ಮಗ್ಗ ಓಡಿತು, ಕಮಲ ಅರಳಿತು. ಎರಡನೆಯದಕ್ಕೆ ಸಿಕ್ಕಿಸಿದರು, ಮತ್ತದೇ ಕಮಲ. ಮೂರನೆಯದಕ್ಕೆ ಸಿಕ್ಕಿಸಿದಾಗ ಎಸಳುಗಳು ಹರಿದು ಚೂರುಚೂರಾಗಿ ಬಂದವು. ಆ ಮನುಷ್ಯನ ನಗೆ ದೊಡ್ಡದಾಯಿತು. ಮಾಲಕರು ಎದ್ದು ನಿಂತರು.

"ಕುಂದರ್ರಿ," ಎಂದರು ಅಕ್ಕೋರು, ಶಾಲೆಯಲ್ಲಿ ಹುಡುಗರಿಗೆ ಹೇಳುವ ದನಿಯಲ್ಲಿ. ಮಾಲಕರು ಕುಳಿತೇಬಿಟ್ಟರು! ಅಕ್ಕೋರು ಪರದೆಯ ಮೇಲೆ ಬೆರಳಿಟ್ಟು ಅರ್ಧ ಗಂಟೆ ಸಾಲುಗಳನ್ನು ಓದುತ್ತ ಹೋದರು. ಆಮೇಲೆ ನನ್ನ ಕಡೆ ತಿರುಗಿ, "ಸೊನ್ನೆಗಿಂತ ಕಡಿಮಿ ಅಂಕಿಗಳನ್ನ ಈ ಚಿಪ್ಪು ಬ್ಯಾರೆ ನಮೂನಿ ಓದಾಕತ್ತದ ತಂಗಿ. ಹೇಳಿಕೊಟ್ರ ಆತು," ಎಂದು ಪ್ರೋಗ್ರಾಮಿನಲ್ಲಿ ಒಂದೇ ಒಂದು ಪದ ಸೇರಿಸಿದರು.

ಮಗ್ಗ ಮತ್ತೆ ಓಡಿತು. ಎಸಳಿನ ಮೇಲೆ ಎಸಳು ಕೂಡುತ್ತ ಕಮಲ ಇಡಿಯಾಗಿ ಎದ್ದು ಬಂತು.

"ಝಾಲಂ! ಝಾಲಂ!" ಆಯಿತು, ಆಯಿತು ಎಂದು ಮಾಲಕರು ಮರಾಠಿಯಲ್ಲಿ ಕೂಗಿದರು. ಮಗ್ಗದವರು ಕೆಲಸ ನಿಲ್ಲಿಸಿ ಸಿಳ್ಳೆ ಹಾಕಿದರು. ನಾವು ನಾಲ್ವರೂ ಅಕ್ಕೋರನ್ನು ಅಪ್ಪಿಕೊಂಡೆವು. ಕಂಪನಿಯ ಮನುಷ್ಯ ತನ್ನ ಕಾಗದಗಳನ್ನು ಚೀಲಕ್ಕೆ ತುಂಬಿಕೊಳ್ಳುವಾಗ ಅಕ್ಕೋರು ಅವನಿಗೂ ಚಹಾ ಕೊಡಿಸಿದರು.

ಹನ್ನೊಂದನೆಯ ದಿನಕ್ಕೇ ಲಾರಿ ಹೊರಟಿತು. ಆಮೇಲೆ ನಮ್ಮಲ್ಲಿ ಯಂತ್ರ ಕೆಡುವುದು ಒಂದು ಸುದ್ದಿಯೇ ಆಗಲಿಲ್ಲ. ಸಿಕ್ಕಿದ್ದನ್ನು ತರುವುದು, ಕೂಡಿಸುವುದು, ಮಧ್ಯಾಹ್ನದೊಳಗೆ ಮಗ್ಗ ಚಾಲೂ. ಸುತ್ತಲಿನ ಕಾರ್ಖಾನೆಯವರು ಅಕ್ಕೋರನ್ನು ಹುಡುಕಿಕೊಂಡು ಬಂದರು. ಕೆಲಸ ಹೆಚ್ಚಿ, ನಾಲ್ವರಿದ್ದ ನಾವು ಹನ್ನೊಂದು ಜನರಾದೆವು.

ಅಕ್ಕೋರು ತೀರಿಕೊಂಡು ಮೂರು ವರ್ಷ. ಕಾಯಿಲೆ ಅವರಿಗೆ ಹೆಚ್ಚು ಸಮಯ ಕೊಡಲಿಲ್ಲ... ಈಗ ವಿಭಾಗ ನನ್ನ ಕೈಯಲ್ಲಿದೆ. ಮೊನ್ನೆ ಆ ಹೊಸ ಯಂತ್ರಕ್ಕೆ ಅವರ ಪ್ರೋಗ್ರಾಮು ಕೂಡಿಸುವಾಗ, ಬೋರಾಮಣಿಯಿಂದ ಬರುವ ಹೊಸ ಹುಡುಗಿ ಒಂದು ಸಾಲು ತೋರಿಸಿ, "ಅಕ್ಕಾ, ಇದು ಏನೂ ಮಾಡೂದಿಲ್ಲ ಅನಸ್ತದ. ತಗದು ಬಿಡ್ಲಿ?" ಎಂದಳು.

ಬಗ್ಗಿ ನೋಡಿದೆ. ಆ ಸಾಲಿನ ಪಕ್ಕ ಅಕ್ಕೋರು ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಮಾತು ಬರೆದಿಟ್ಟಿದ್ದರು: "ಇದನ್ನ ತಗೀಬ್ಯಾಡ ತಂಗಿ. ಯಾಕಂತ ಸಿಕ್ಕಾಗ ಹೇಳತೀನಿ."

"ಇರಲಿ ಬಿಡು," ಎಂದೆ.